ಆಜಾದ್ ಹಿಂದ್ ಸೇನೆಯ ಸ್ಮೃತಿ ಮತ್ತು ಮೊಯಿರಾಂಗಿನ ಸಂಗ್ರಹಾಲಯ

ಸೈನ್ಯವೊಂದು ವಿಜಯವನ್ನು ಸಾಧಿಸಿದಾಗ ಅದರ ನೆನಪನ್ನು ಉಳಿಸುವವರಿಗೆ ಕೊರತೆಯಿರುವುದಿಲ್ಲ. ರಾಜ್ಯವೇ ಮುಂದೆ ನಿಂತು ವಿಜಯಸ್ತಂಭಗಳನ್ನು ಎತ್ತಿಸುತ್ತದೆ. ಮಡಿದವರ ಹೆಸರುಗಳನ್ನು ಕಲ್ಲಿನಲ್ಲಿ ಕೊರೆಯಿಸುತ್ತದೆ. ಯುದ್ಧದ ಚರಿತ್ರೆಯನ್ನು ವಿದ್ವಾಂಸರಿಂದ ಬರೆಯಿಸಿ ಗ್ರಂಥಭಂಡಾರಗಳಲ್ಲಿ ಇರಿಸುತ್ತದೆ. ಆದರೆ ರಣರಂಗದಲ್ಲಿ ಸೋತು, ಶಸ್ತ್ರಗಳನ್ನು ಕೆಳಗಿಟ್ಟು, ದಿಕ್ಕುದಿಕ್ಕಿಗೆ ಚದುರಿಹೋದ ಸೈನ್ಯದ ನೆನಪನ್ನು ಯಾರು ಕಾಪಾಡಬೇಕು? ಅದನ್ನು ಎಲ್ಲಿ ಇರಿಸಬೇಕು? ನಮ್ಮ ಹಳ್ಳಿಗಳ ಹೊರವಲಯದಲ್ಲಿ ನಿಂತಿರುವ ವೀರಗಲ್ಲುಗಳು, ತುರುಗಳನ್ನು ಬಿಡಿಸಿಕೊಂಡು ಬರಲು ಹೋಗಿ ಮರಳಿ ಬಾರದವನಿಗೂ ಊರು ಗೌರವ ಸಲ್ಲಿಸುತ್ತಿತ್ತೆಂಬುದನ್ನು ಹೇಳುತ್ತವೆ. ಅದೇ ಬಗೆಯ ಗೌರವವನ್ನು ನಮ್ಮ ಕಾಲದ ಒಂದು ಸೈನ್ಯಕ್ಕೆ ಸಲ್ಲಿಸುತ್ತಿರುವ ಸ್ಥಳವು ಮಣಿಪುರ ರಾಜ್ಯದ ಮೊಯಿರಾಂಗ್ ಪಟ್ಟಣದಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹುಟ್ಟಿ ಆ ಯುದ್ಧದೊಡನೆಯೇ ಅಳಿದ ಆಜಾದ್ ಹಿಂದ್ ಫೌಜಿನ, ಎಂದರೆ ಭಾರತೀಯ ರಾಷ್ಟ್ರೀಯ ಸೇನೆಯ, ಸ್ಮಾರಕ ಸಂಗ್ರಹಾಲಯವೇ ಅದು. ಆ ಸಂಗ್ರಹಾಲಯವನ್ನು ಆಧಾರವಾಗಿಟ್ಟುಕೊಂಡು, ಸೈನಿಕ ಚರಿತ್ರೆಯ ಸಂಗ್ರಹಾಲಯವೊಂದು ಏನನ್ನು ಉಳಿಸುತ್ತದೆ, ಅದರಿಂದ ನಾವು ಏನನ್ನು ಕಲಿಯಬಹುದು ಎಂಬುದನ್ನು ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಸೈನ್ಯದ ಉದಯ

1942ರ ಫೆಬ್ರವರಿ 15ರಂದು ಸಿಂಗಪುರದ ಬ್ರಿಟಿಷ್ ಸೇನೆಯು ಜಪಾನೀಯರಿಗೆ ಶರಣಾಯಿತು. ಅಭೇದ್ಯವೆಂದು ಹೊಗಳಿಸಿಕೊಂಡಿದ್ದ ಆ ನೌಕಾನೆಲೆಯ ಪತನವು ಬ್ರಿಟಿಷ್ ಸಾಮ್ರಾಜ್ಯದ ಪ್ರತಿಷ್ಠೆಗೆ ತಗುಲಿದ ಬಲವಾದ ಪೆಟ್ಟಾಗಿತ್ತು. ಎರಡು ದಿನಗಳ ಅನಂತರ ಸುಮಾರು 45,000 ಭಾರತೀಯ ಸೈನಿಕರನ್ನು ಸಿಂಗಪುರದ ಫ್ಯಾರರ್ ಪಾರ್ಕ್ ಮೈದಾನದಲ್ಲಿ ಒಟ್ಟುಗೂಡಿಸಿ ಜಪಾನೀಯರ ವಶಕ್ಕೆ ಒಪ್ಪಿಸಲಾಯಿತು. ಯಾರ ಉಪ್ಪನ್ನು ಉಂಡು ಯಾರ ಧ್ವಜಕ್ಕೆ ವಂದಿಸಿದ್ದರೋ ಅವರೇ ತಮ್ಮನ್ನು ಶತ್ರುವಿನ ಕೈಗೆ ಕೊಟ್ಟು ಹೊರಟುಹೋದರೆಂಬ ಭಾವನೆ ಅನೇಕರಲ್ಲಿ ಮೂಡಿತು. ಅಲ್ಲಿಯೇ ಕ್ಯಾಪ್ಟನ್ ಮೋಹನ್ ಸಿಂಗ್ ಅವರು ಭಾರತದ ಬಿಡುಗಡೆಗಾಗಿ ಪ್ರತ್ಯೇಕ ಸೈನ್ಯವೊಂದನ್ನು ಕಟ್ಟುವ ಕರೆಯನ್ನು ಕೊಟ್ಟರು.

ಈ ಮೊದಲ ಸೈನ್ಯವು ಬಹುಕಾಲ ಬಾಳಲಿಲ್ಲ. ಜಪಾನೀಯರ ಉದ್ದೇಶಗಳ ಬಗ್ಗೆ ಸಂಶಯ ತಳೆದ ಮೋಹನ್ ಸಿಂಗರು 1942ರ ಡಿಸೆಂಬರಿನಲ್ಲಿ ಸೆರೆಯಾದರು, ಸೈನ್ಯವು ವಿಸರ್ಜನೆಗೊಂಡಿತು. ವಯೋವೃದ್ಧ ಕ್ರಾಂತಿಕಾರಿ ರಾಸಬಿಹಾರಿ ಬೋಸರು ಅದರ ಎಳೆಗಳನ್ನು ಬಿಡದೆ ಹಿಡಿದಿದ್ದರು. 1943ರ ಜುಲೈ 2ರಂದು ಸುಭಾಷಚಂದ್ರ ಬೋಸರು ಸಿಂಗಪುರವನ್ನು ತಲುಪಿ, ಎರಡು ದಿನಗಳಲ್ಲಿ ಚಳವಳಿಯ ನಾಯಕತ್ವವನ್ನು ವಹಿಸಿಕೊಂಡರು. ಅದೇ ವರ್ಷದ ಅಕ್ಟೋಬರ್ 21ರಂದು ಆಜಾದ್ ಹಿಂದ್ ತಾತ್ಕಾಲಿಕ ಸರ್ಕಾರದ ಘೋಷಣೆಯಾಯಿತು. ಯುದ್ಧಕೈದಿಗಳ ಜೊತೆಗೆ ಮಲಯಾದ ರಬ್ಬರ್ ತೋಟಗಳ ಕೂಲಿಗಳು, ಸಣ್ಣ ವ್ಯಾಪಾರಿಗಳು, ಗುಮಾಸ್ತರು ಸಹ ಸೇನೆಗೆ ಸೇರಿದರು. ಡಾಕ್ಟರ್ ಲಕ್ಷ್ಮೀ ಸ್ವಾಮಿನಾಥನ್ ಅವರ ನೇತೃತ್ವದಲ್ಲಿ ಝಾನ್ಸಿ ರಾಣಿಯ ಹೆಸರಿನ ಮಹಿಳಾ ರೆಜಿಮೆಂಟ್ ರೂಪುಗೊಂಡಿತು. ಭಾರತದ ಮಣ್ಣನ್ನು ಕಣ್ಣಿನಿಂದಲೂ ಕಾಣದೆ ತೋಟಗಳಲ್ಲಿ ಹುಟ್ಟಿ ಬೆಳೆದ ತರುಣಿಯರು ಭಾರತಕ್ಕಾಗಿ ಕೋವಿ ಹಿಡಿದರು. ಒಟ್ಟು ಸೈನ್ಯದ ಸಂಖ್ಯೆಯು ಸುಮಾರು 40,000 ಇದ್ದಿತೆಂದು ಅಂದಾಜು ಮಾಡಲಾಗಿದೆ.

ಇಲ್ಲಿ ಮತ್ತೊಂದು ಸಂಗತಿಯನ್ನೂ ಮರೆಯಲಾಗದು. ಸೆರೆಸಿಕ್ಕ ಭಾರತೀಯರೆಲ್ಲರೂ ಈ ಸೇನೆಗೆ ಸೇರಲಿಲ್ಲ. ತಾವು ಮೊದಲು ತೊಟ್ಟ ಪ್ರಮಾಣವನ್ನು ಮುರಿಯಲೊಪ್ಪದೆ ಸೆರೆಯಲ್ಲಿಯೇ ಉಳಿದವರು ಸಾವಿರಾರು ಮಂದಿ. ಅವರಲ್ಲಿ ಅನೇಕರನ್ನು ಜಪಾನೀಯರು ನ್ಯೂಗಿನಿಯಂಥ ದೂರದ ದ್ವೀಪಗಳಿಗೆ ಸಾಗಿಸಿ ದುಡಿಸಿದರು. ಹಸಿವೆಗೂ ರೋಗಕ್ಕೂ ಹಿಂಸೆಗೂ ತುತ್ತಾಗಿ ಬಹಳ ಮಂದಿ ಅಲ್ಲಿಯೇ ಸತ್ತರು. ಮಲಯಾದ ತಮಿಳು ಕೂಲಿಗಳಲ್ಲಿ ಎಷ್ಟೋ ಸಾವಿರ ಜನ ಸಯಾಮ್–ಬರ್ಮಾ ರೈಲುಮಾರ್ಗದ ಕೆಲಸದಲ್ಲಿ ಪ್ರಾಣ ತೆತ್ತರು. ಸೇನೆಗೆ ಸೇರಿದವನ ಸಾಹಸವನ್ನು ಕೊಂಡಾಡುವ ವಿದ್ಯಾರ್ಥಿಯು ಸೇರಲೊಲ್ಲದವನ ನಿಷ್ಠೆಯನ್ನೂ, ಅವನು ತೆತ್ತ ಬೆಲೆಯನ್ನೂ ಅರಿತಿರಬೇಕು.

ಮೊಯಿರಾಂಗಿನಲ್ಲಿ ಧ್ವಜಾರೋಹಣ

ಇಂಫಾಲದಿಂದ ದಕ್ಷಿಣಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ, ಲೋಕ್ತಾಕ್ ಸರೋವರದ ದಡದಲ್ಲಿ ಮೊಯಿರಾಂಗ್ ಇದೆ. ಮಣಿಪುರಿಗಳಿಗೆ ಅದು ಖಂಬಾ ಮತ್ತು ಥೊಯಿಬಿಯರ ಪ್ರೇಮಕಥೆಯ ಊರು. ಥಾಂಗ್‌ಜಿಂಗ್ ದೇವರ ಊರು. 1944ರ ಮಾರ್ಚಿಯಲ್ಲಿ ಜನರಲ್ ಮುತಾಗುಚಿಯ ಅಧೀನದಲ್ಲಿದ್ದ ಜಪಾನಿನ 15ನೆಯ ಸೈನ್ಯವು ಬರ್ಮಾದ ಗಡಿಯನ್ನು ದಾಟಿ ಇಂಫಾಲ ಮತ್ತು ಕೊಹಿಮಾಗಳ ಕಡೆಗೆ ನುಗ್ಗಿತು. ಅದರೊಡನೆ ಆಜಾದ್ ಹಿಂದ್ ಸೇನೆಯ ಮೊದಲನೆಯ ಡಿವಿಜನ್ನಿನ ಸುಮಾರು 6,000 ಯೋಧರು ರಣರಂಗಕ್ಕೆ ಬಂದರು.

ಏಪ್ರಿಲ್ 14ರಂದು, ಬಹಾದುರ್ ಪಡೆಯ ಕರ್ನಲ್ ಶೌಕತ್ ಮಲಿಕ್ ಅವರು ಮೊಯಿರಾಂಗಿನಲ್ಲಿ ತ್ರಿವರ್ಣ ಧ್ವಜವನ್ನು ಏರಿಸಿದರು. ಅದಕ್ಕೂ ಮುನ್ನ, 1943ರ ಡಿಸೆಂಬರ್ 30ರಂದು, ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ಸುಭಾಷರು ಧ್ವಜವನ್ನು ಹಾರಿಸಿದ್ದರು. ಭಾರತದ ಮುಖ್ಯಭೂಮಿಯಲ್ಲಿ ಆಜಾದ್ ಹಿಂದ್ ಧ್ವಜವೇರಿದ ಸ್ಥಳವೆಂದು ಮೊಯಿರಾಂಗ್ ಪ್ರಸಿದ್ಧವಾಗಿದೆ. ಹೇಮಮ್ ನೀಲಮಣಿ ಸಿಂಗ್ ಅವರ ಮನೆಯು ಸೇನೆಯ ಠಾಣೆಯಾಯಿತು. ಊರಿನ ತರುಣರು ಸೇನೆಗೆ ನೆರವಾದರು. ಅವರಲ್ಲಿ ಒಬ್ಬರಾದ ಮೈರೆಂಬಮ್ ಕೊಯಿರೆಂಗ್ ಸಿಂಗ್ ಅವರು ಮುಂದೆ 1963ರಲ್ಲಿ ಮಣಿಪುರದ ಮೊದಲ ಮುಖ್ಯಮಂತ್ರಿಗಳಾದರು.

ಈ ಸಂತೋಷವು ಮೂರು ತಿಂಗಳಿಗಿಂತ ಹೆಚ್ಚು ಕಾಲ ನಿಲ್ಲಲಿಲ್ಲ. ಮೂರು ವಾರಗಳಲ್ಲಿ ಇಂಫಾಲವು ಕೈವಶವಾಗುವುದೆಂಬ ಲೆಕ್ಕಾಚಾರದ ಮೇಲೆ ಜಪಾನೀ ಸೈನ್ಯವು ಅಷ್ಟೇ ಧಾನ್ಯವನ್ನು ಹೊತ್ತು ಬಂದಿತ್ತು. ಇಂಫಾಲವು ಕೈವಶವಾಗಲಿಲ್ಲ. ಮುತ್ತಿಗೆಗೆ ಸಿಕ್ಕಿದ್ದ ಬ್ರಿಟಿಷ್ ಭಾರತೀಯ ಸೈನ್ಯಕ್ಕೆ ವಿಮಾನಗಳ ಮೂಲಕ ಆಹಾರವೂ ಮದ್ದುಗುಂಡುಗಳೂ ಬರುತ್ತಿದ್ದವು. ಮುತ್ತಿಗೆ ಹಾಕಿದವರಿಗೆ ಬೆಟ್ಟದ ಕಾಲುದಾರಿಗಳ ಹೊರತು ಬೇರೆ ಆಧಾರವಿರಲಿಲ್ಲ. ಮಳೆಗಾಲ ಹಿಡಿದೊಡನೆ ಆ ದಾರಿಗಳೂ ಕೆಸರಿನಲ್ಲಿ ಮುಳುಗಿದವು. ಜೂನ್ 22ರಂದು ಕೊಹಿಮಾ–ಇಂಫಾಲ ರಸ್ತೆಯು ತೆರವಾಯಿತು. ಜುಲೈಯಲ್ಲಿ ಹಿಮ್ಮೆಟ್ಟುವ ಆಜ್ಞೆ ಹೊರಟಿತು. ಆಜಾದ್ ಹಿಂದ್ ಸೇನೆಯಲ್ಲಿ ಗುಂಡಿಗೆ ಬಲಿಯಾದವರಿಗಿಂತ ಹಸಿವೆ, ಮಲೇರಿಯ, ಆಮಶಂಕೆಗಳಿಗೆ ಬಲಿಯಾದವರ ಸಂಖ್ಯೆಯೇ ಹೆಚ್ಚು. ಬದುಕಿ ಮರಳಿದವರಲ್ಲಿ ಬಹುಪಾಲು ಜನ ನೇರವಾಗಿ ಆಸ್ಪತ್ರೆಯನ್ನು ಸೇರಬೇಕಾಯಿತು. ಬರ್ಮಾದ ಮೇಮ್ಯೋ ಊರಿನಲ್ಲಿ ರಾಣಿ ಝಾನ್ಸಿ ರೆಜಿಮೆಂಟಿನ ತರುಣಿಯರು ಅವರ ಶುಶ್ರೂಷೆ ಮಾಡಿದರು.

ಒಡೆದ ಕಲ್ಲು, ಮತ್ತೆ ನಿಂತ ಕಲ್ಲು

ಮೊಯಿರಾಂಗಿನ ಸಂಗ್ರಹಾಲಯದ ಆವರಣದಲ್ಲಿ ಸಂದರ್ಶಕನ ಗಮನವನ್ನು ಸೆಳೆಯುವ ಒಂದು ಸ್ತಂಭವಿದೆ. ಅದು ಬೇರೊಂದು ಸ್ಮಾರಕದ ಪ್ರತಿಕೃತಿ. ಮೂಲ ಸ್ಮಾರಕದ ಶಂಕುಸ್ಥಾಪನೆಯನ್ನು ಸುಭಾಷರು 1945ರ ಜುಲೈ 8ರಂದು ಸಿಂಗಪುರದ ಕಡಲತೀರದಲ್ಲಿ ನೆರವೇರಿಸಿದ್ದರು. ಮಡಿದ ಅಜ್ಞಾತ ಯೋಧರಿಗೆ ಅರ್ಪಿತವಾದ ಆ ಸ್ಮಾರಕದ ಮೇಲೆ ಸೇನೆಯ ಮೂರು ಧ್ಯೇಯಪದಗಳಾದ ಇತ್ತೆಫಾಕ್, ಇತ್ಮಾದ್, ಕುರ್ಬಾನಿ ಎಂಬ ಮಾತುಗಳಿದ್ದವು. ಐಕ್ಯ, ವಿಶ್ವಾಸ, ತ್ಯಾಗ ಎಂಬುದು ಅವುಗಳ ಅರ್ಥ. ಎರಡೇ ತಿಂಗಳಲ್ಲಿ ಜಪಾನ್ ಶರಣಾಗಿ ಬ್ರಿಟಿಷರು ಸಿಂಗಪುರಕ್ಕೆ ಮರಳಿದರು. ಸೆಪ್ಟೆಂಬರಿನಲ್ಲಿ ಮೌಂಟ್‌ಬ್ಯಾಟನ್ನರ ಆಜ್ಞೆಯಂತೆ ಆ ಸ್ಮಾರಕವನ್ನು ಸ್ಫೋಟಿಸಿ ನೆಲಸಮ ಮಾಡಲಾಯಿತು.

ಸೈನ್ಯವು ಶರಣಾದ ಮೇಲೆ ಅದರ ಸ್ಮಾರಕವನ್ನು ಒಡೆಯುವ ಅಗತ್ಯವೇನಿದ್ದಿತು? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ತಾವಾಗಿಯೇ ಚಿಂತಿಸಿ ನೋಡಬೇಕು. ಆಯುಧವಿಲ್ಲದ ಸೈನಿಕನಿಂದ ಆಳುವವರಿಗೆ ಅಪಾಯವಿಲ್ಲ. ಅವನ ನೆನಪಿನಿಂದ ಅಪಾಯವಿದೆಯೆಂದು ಆಳುವವರು ಭಾವಿಸಿದ್ದರು. ಕಲ್ಲನ್ನು ಒಡೆದವರ ಆ ಭಯವೇ ಕಲ್ಲಿನ ಮಹತ್ವಕ್ಕೆ ಸಾಕ್ಷಿಯಾಗಿದೆ. 1995ರಲ್ಲಿ ಸಿಂಗಪುರದ ಸರ್ಕಾರವು ಅದೇ ಸ್ಥಳದಲ್ಲಿ ಒಂದು ಸ್ಮರಣಫಲಕವನ್ನು ನಿಲ್ಲಿಸಿತು. ಮೊಯಿರಾಂಗಿನಲ್ಲಿ ಸ್ಮಾರಕವೇ ಮರುಜನ್ಮವನ್ನು ಪಡೆದು ನಿಂತಿದೆ. ಸಂಗ್ರಹಾಲಯದ ಒಳಗೆ ಪತ್ರಗಳು, ಛಾಯಾಚಿತ್ರಗಳು, ಸೈನಿಕರ ಪದವಿಯನ್ನು ಸೂಚಿಸುವ ಬಿಲ್ಲೆಗಳು ಇವೆ. ಹೊರಗೆ ಸಮವಸ್ತ್ರ ಧರಿಸಿದ ನೇತಾಜಿಯವರ ಪ್ರತಿಮೆಯಿದೆ.

ಕಾಗದಪತ್ರಗಳ ವಿಷಯದಲ್ಲಿಯೂ ಈ ಸೈನ್ಯವು ದುರ್ದೈವಿಯೇ. ಕಾಡುದಾರಿಯಲ್ಲಿ ಹಿಮ್ಮೆಟ್ಟುವ ಸೈನ್ಯವು ರೋಗಿಗಳನ್ನು ಹೊರಬಲ್ಲುದೇ ಹೊರತು ದಫ್ತರಗಳನ್ನು ಹೊರಲಾರದು. ಸ್ವಾತಂತ್ರ್ಯಾನಂತರ ಭಾರತ ಸರ್ಕಾರದ ರಕ್ಷಣಾ ಇಲಾಖೆಯು ಪ್ರೊಫೆಸರ್ ಪ್ರತುಲಚಂದ್ರ ಗುಪ್ತರಿಂದ ಈ ಸೇನೆಯ ಚರಿತ್ರೆಯನ್ನು ಸಿದ್ಧಪಡಿಸಿತಾದರೂ, ಆ ಹಸ್ತಪ್ರತಿಯು ದಶಕಗಳ ಕಾಲ ಪ್ರಕಟವಾಗದೆ ಉಳಿಯಿತು. ಇಂಥ ಸನ್ನಿವೇಶದಲ್ಲಿ ಒಂದು ಗುಂಡಿ, ಒಂದು ಬಿಲ್ಲೆ, ಮಾಸಿದ ಒಂದು ಛಾಯಾಚಿತ್ರವೂ ದಾಖಲೆಯ ಸ್ಥಾನವನ್ನು ಪಡೆಯುತ್ತದೆ.

ಕೆಂಪುಕೋಟೆಯ ಸಾಕ್ಷ್ಯ

ಈ ಸೇನೆಯ ನೆನಪು ಮಣಿಪುರದ ಕಣಿವೆಯಿಂದ ಇಡೀ ಭಾರತಕ್ಕೆ ಹರಡಿದುದು ಒಂದು ನ್ಯಾಯಾಲಯದ ಮೂಲಕ. 1945ರ ನವೆಂಬರ್ 5ರಂದು ದೆಹಲಿಯ ಕೆಂಪುಕೋಟೆಯಲ್ಲಿ ಶಾ ನವಾಜ್ ಖಾನ್, ಪ್ರೇಮಕುಮಾರ್ ಸಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಎಂಬ ಮೂವರು ಅಧಿಕಾರಿಗಳ ಮೇಲೆ ಸೈನಿಕ ವಿಚಾರಣೆ ಆರಂಭವಾಯಿತು. ಒಬ್ಬರು ಮುಸಲ್ಮಾನರು, ಒಬ್ಬರು ಹಿಂದೂಗಳು, ಒಬ್ಬರು ಸಿಖ್ಖರು. ಸಾಮ್ರಾಟನ ವಿರುದ್ಧ ಯುದ್ಧ ಹೂಡಿದರೆಂಬುದು ಮೂವರ ಮೇಲಿನ ಮುಖ್ಯ ಆರೋಪ. ಭೂಲಾಭಾಯಿ ದೇಸಾಯಿಯವರು ಅನಾರೋಗ್ಯವನ್ನು ಲೆಕ್ಕಿಸದೆ ಅವರ ಪರವಾಗಿ ವಾದಿಸಿದರು. ಪರತಂತ್ರವಾದ ಜನಾಂಗಕ್ಕೆ ತನ್ನ ಬಿಡುಗಡೆಗಾಗಿ ಯುದ್ಧ ಹೂಡುವ ಹಕ್ಕು ಅಂತಾರಾಷ್ಟ್ರೀಯ ನ್ಯಾಯದ ಪ್ರಕಾರ ಉಂಟೆಂಬುದು ಅವರ ವಾದದ ತಿರುಳು. ಜವಾಹರಲಾಲ್ ನೆಹರೂರವರು ಬಹುಕಾಲದ ಹಿಂದೆ ಬಿಟ್ಟಿದ್ದ ವಕೀಲರ ನಿಲುವಂಗಿಯನ್ನು ಮತ್ತೆ ಧರಿಸಿ ರಕ್ಷಣಾ ಪಕ್ಷದಲ್ಲಿ ಕುಳಿತರು. ನ್ಯಾಯಮಂಡಲಿಯು ಆಜೀವ ಗಡೀಪಾರಿನ ಶಿಕ್ಷೆಯನ್ನು ವಿಧಿಸಿತು. ಆದರೆ ದೇಶದಾದ್ಯಂತ ಎದ್ದ ಜನಾಭಿಪ್ರಾಯವನ್ನು ಕಂಡು ಮಹಾಸೇನಾಧಿಪತಿ ಆಕಿನ್‌ಲೆಕ್ ಅವರು 1946ರ ಜನವರಿ 3ರಂದು ಆ ಶಿಕ್ಷೆಯನ್ನು ರದ್ದುಪಡಿಸಿ ಮೂವರನ್ನೂ ಬಿಡುಗಡೆ ಮಾಡಿದರು.

ಅದೇ ಕೋಟೆಯ ಪಕ್ಕದ ಸಲೀಂಗಢದಲ್ಲಿ ಈ ಸೇನೆಯ ಕೈದಿಗಳನ್ನು ಇರಿಸಲಾಗಿತ್ತು. 1995ರಲ್ಲಿ ಅಲ್ಲಿ ಒಂದು ಸಂಗ್ರಹಾಲಯವನ್ನು ತೆರೆದು ಸಹಗಲ್ ಅವರ ಸಮವಸ್ತ್ರವನ್ನೂ, ಧಿಲ್ಲೋನ್ ಅವರ ಬೂಟುಗಳನ್ನೂ ಕೋಟಿನ ಗುಂಡಿಗಳನ್ನೂ ಪ್ರದರ್ಶಿಸಲಾಯಿತು. 2019ರ ಜನವರಿ 23ರಂದು ಕೆಂಪುಕೋಟೆಯ ಒಳಗೆ ನೇತಾಜಿ ಮತ್ತು ಆಜಾದ್ ಹಿಂದ್ ಸೇನೆಯ ಸಂಗ್ರಹಾಲಯವು ಉದ್ಘಾಟನೆಗೊಂಡಿತು. ನೇತಾಜಿಯವರು ಬಳಸಿದ ಮರದ ಕುರ್ಚಿ ಮತ್ತು ಖಡ್ಗ ಅಲ್ಲಿವೆ. ಅಪರಾಧಿಗಳನ್ನು ನಿಲ್ಲಿಸಿ ವಿಚಾರಿಸಿದ ಕೋಟೆಯೇ ಅವರ ಸ್ಮೃತಿಮಂದಿರವಾಗಿ ಪರಿವರ್ತನೆ ಹೊಂದಿತು.

ಹೀಗಿದ್ದರೂ ಸ್ವತಂತ್ರ ಭಾರತದ ಸೈನ್ಯವು ಆಜಾದ್ ಹಿಂದ್ ಯೋಧರನ್ನು ಮರಳಿ ಸೇವೆಗೆ ಸೇರಿಸಿಕೊಳ್ಳಲಿಲ್ಲ. ಸೈನಿಕನು ತನ್ನ ಪ್ರಮಾಣವನ್ನು ಮುರಿಯುವುದನ್ನು ಯಾವ ಸೈನ್ಯವೂ ಸುಲಭವಾಗಿ ಒಪ್ಪಲಾರದು. ಜನತೆಯ ಅಭಿಮಾನವೂ ಸೈನ್ಯದ ಸಂಕೋಚವೂ ಬಹುಕಾಲ ಜೊತೆಜೊತೆಯಾಗಿಯೇ ಸಾಗಿದುವೆಂಬುದನ್ನು ಚರಿತ್ರೆಯ ವಿದ್ಯಾರ್ಥಿಯು ಗಮನಿಸಬೇಕು.

ಒಂದೇ ಕಣಿವೆ, ಮೂರು ನೆನಪುಗಳು

ಮತ್ತೆ ಮಣಿಪುರಕ್ಕೆ ಬರೋಣ. ಮೊಯಿರಾಂಗಿಗೆ ಹೋಗುವ ಯಾತ್ರಿಕನು ಇಂಫಾಲದಿಂದ ಹೊರಡುತ್ತಾನೆ. ಇಂಫಾಲದಲ್ಲಿ ಬ್ರಿಟಿಷ್ ಸೈನ್ಯದ ಕಡೆಯಲ್ಲಿ ಹೋರಾಡಿ ಮಡಿದವರ ರುದ್ರಭೂಮಿಗಳಿವೆ. ಭಾರತೀಯ ಸೈನಿಕರಿಗೆ ಪ್ರತ್ಯೇಕವಾದ ಒಂದು ರುದ್ರಭೂಮಿಯಿದೆ. ಅಗ್ನಿಸಂಸ್ಕಾರ ಹೊಂದಿದ ಹಿಂದೂ ಮತ್ತು ಸಿಖ್ ಯೋಧರ ಹೆಸರುಗಳನ್ನು ಕೊರೆದ ಸ್ಮಾರಕವೂ ಇದೆ. ಕೊಹಿಮಾದ ಯುದ್ಧ ರುದ್ರಭೂಮಿಯಲ್ಲಿ 1,420 ಸಮಾಧಿಗಳ ಜೊತೆಗೆ, ಹೀಗೆ ದಹನಗೊಂಡ 917 ಹಿಂದೂ ಮತ್ತು ಸಿಖ್ ಸೈನಿಕರ ಸ್ಮಾರಕವಿದೆ. ಇಂಫಾಲವನ್ನು ರಕ್ಷಿಸಿದ ಸ್ಲಿಮ್ ಅವರ 14ನೆಯ ಸೈನ್ಯದಲ್ಲಿ ಹೆಚ್ಚಿನವರು ಭಾರತೀಯರೇ ಆಗಿದ್ದರು.

ದಕ್ಷಿಣಕ್ಕೆ ತಿದ್ದಿಮ್ ರಸ್ತೆಯಲ್ಲಿ ಸಾಗಿದರೆ ಮೈಬಮ್ ಲೋಕ್‌ಪಾಚಿಂಗ್ ಎಂಬ ಗುಡ್ಡ ಸಿಗುತ್ತದೆ. ಅಲ್ಲಿ ಹರಿದ ರಕ್ತದಿಂದಾಗಿ ಅದನ್ನು ಕೆಂಪುಗುಡ್ಡವೆಂದು ಕರೆಯುವುದುಂಟು. ಜಪಾನೀ ಸೈನಿಕರ ಸ್ಮಾರಕವೊಂದು ಅದರ ಬುಡದಲ್ಲಿದೆ. 2019ರ ಜೂನ್ 22ರಂದು ಅಲ್ಲಿಯೇ ಇಂಫಾಲ ಶಾಂತಿ ಸಂಗ್ರಹಾಲಯವು ತೆರೆಯಿತು. ಅಲ್ಲಿಂದ ಮುಂದೆ ಸಾಗಿದರೆ ಮೊಯಿರಾಂಗ್.

ಹೀಗೆ ಅರ್ಧ ದಿನದ ಪ್ರಯಾಣದಲ್ಲಿ ಒಂದೇ ಯುದ್ಧದ ಮೂರು ನೆನಪುಗಳು ಎದುರಾಗುತ್ತವೆ. ನಾಲ್ಕನೆಯ ನೆನಪೊಂದು ಇವುಗಳ ನಡುವೆ ಮೌನವಾಗಿ ಉಳಿದಿದೆ. 1942ರ ಮೇ ತಿಂಗಳಲ್ಲಿ ಇಂಫಾಲದ ಮೇಲೆ ಬಾಂಬುಗಳು ಬಿದ್ದಾಗ ಸತ್ತವರು, 1944ರಲ್ಲಿ ಗದ್ದೆಮನೆಗಳನ್ನು ಕಳೆದುಕೊಂಡವರು ಆ ಕಣಿವೆಯ ಜನ. ಅವರು ಆ ಯುದ್ಧವನ್ನು ಬಯಸಿದವರಲ್ಲ. ಯುದ್ಧವು ಅವರ ಅಂಗಳಕ್ಕೆ ತಾನಾಗಿಯೇ ಬಂದಿತು.

ಒಂದೇ ಮನೆಯ ಇಬ್ಬರು ಸೋದರರು

ಎರಡೂ ಕಡೆಗಳಲ್ಲಿ ಭಾರತೀಯರು ಇದ್ದರೆಂಬ ಮಾತು ನಮ್ಮ ನಾಡಿಗೂ ಹತ್ತಿರದ್ದಾಗಿದೆ. ಮಡಿಕೇರಿಯಲ್ಲಿ 1906ರಲ್ಲಿ ಜನಿಸಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1957ರಿಂದ 1961ರವರೆಗೆ ಭಾರತೀಯ ಭೂಸೇನೆಯ ಮುಖ್ಯಸ್ಥರಾಗಿದ್ದುದನ್ನು ಎಲ್ಲರೂ ಬಲ್ಲರು. ಮಹಾಯುದ್ಧದ ಕಾಲದಲ್ಲಿ ಅವರು ಬರ್ಮಾದ ಅರಾಕಾನ್ ರಂಗದಲ್ಲಿ ಬ್ರಿಟಿಷ್ ಭಾರತೀಯ ಸೈನ್ಯದ ಒಂದು ಬೆಟಾಲಿಯನ್ನನ್ನು ನಡೆಸುತ್ತಿದ್ದರು. ಅವರ ಅಣ್ಣ ಪೊನ್ನಪ್ಪನವರು ಆಜಾದ್ ಹಿಂದ್ ಸೇನೆಯನ್ನು ಸೇರಿದ್ದರು. ಒಂದೇ ತಾಯಿಯ ಮಡಿಲಲ್ಲಿ ಬೆಳೆದ ಇಬ್ಬರು ಒಂದೇ ಯುದ್ಧದಲ್ಲಿ ಎದುರುಬದುರಾದ ಧ್ವಜಗಳ ಕೆಳಗೆ ನಿಂತರು. ಆ ತಾಯಿಯು ಯಾವ ಮಗನನ್ನು ದೇಶಭಕ್ತನೆಂದು ಕರೆಯಬೇಕಾಗಿತ್ತು? ಇಬ್ಬರನ್ನೂ ಹಾಗೆ ಕರೆಯಲು ಅವಳಿಗೆ ಅಧಿಕಾರವಿತ್ತೆಂದೇ ನಾವು ಹೇಳಬೇಕು. ತಿಮ್ಮಯ್ಯನವರ ಮಡಿಕೇರಿಯ ಮನೆಯಾದ ‘ಸನ್ನಿಸೈಡ್’ ಈಗ ಸೈನಿಕ ಸಂಗ್ರಹಾಲಯವಾಗಿದೆ. 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರು ಅದನ್ನು ಉದ್ಘಾಟಿಸಿದರು. ಅದನ್ನು ನೋಡಲು ಹೋಗುವ ವಿದ್ಯಾರ್ಥಿಯು ಆ ಮನೆತನದ ಇನ್ನೊಬ್ಬ ಮಗನನ್ನೂ ನೆನೆಯಲಿ.

ಸಂಗ್ರಹಾಲಯವನ್ನು ಓದುವ ಬಗೆ

ಗ್ರಂಥವನ್ನು ಓದುವಂತೆ ಸಂಗ್ರಹಾಲಯವನ್ನೂ ಓದಬೇಕು. ಗಾಜಿನ ಪೆಟ್ಟಿಗೆಯ ಮುಂದೆ ಕ್ಷಣಕಾಲ ನಿಂತು ಮುಂದೆ ಸಾಗುವವನಿಗೆ ವಸ್ತುವು ಮಾತನಾಡುವುದಿಲ್ಲ. ಸೈನಿಕ ಸಂಗ್ರಹಾಲಯಕ್ಕೆ ಹೋಗುವ ವಿದ್ಯಾರ್ಥಿಗಳು ನಾಲ್ಕು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗುವುದು ಲೇಸು.

ಮೊದಲನೆಯದಾಗಿ, ಈ ವಸ್ತು ಯಾರದು? ಸೇನಾಪತಿಯ ಖಡ್ಗವು ಉಳಿಯುವುದು ಸುಲಭ. ಸಾಮಾನ್ಯ ಸಿಪಾಯಿಯ ಊಟದ ತಟ್ಟೆ ಉಳಿಯುವುದು ಕಷ್ಟ. ಆದುದರಿಂದ ಸಣ್ಣ ವಸ್ತುಗಳ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು. ಎರಡನೆಯದಾಗಿ, ಇದು ಇಲ್ಲಿಗೆ ಹೇಗೆ ಬಂದಿತು? ಸೆರೆಮನೆಯಿಂದಲೋ, ರಣರಂಗದ ಮಣ್ಣಿನಿಂದಲೋ, ಸೈನಿಕನ ಮನೆಯವರ ಕೈಯಿಂದಲೋ ಎಂಬುದನ್ನು ಅರಿತರೆ ಅದರ ಅರ್ಧ ಕಥೆ ತಿಳಿದಂತೆ. ಮೂರನೆಯದಾಗಿ, ಇಲ್ಲಿ ಯಾರ ಹೆಸರು ಇಲ್ಲ? ಪ್ರತಿಯೊಂದು ಸಂಗ್ರಹಾಲಯವೂ ಕೆಲವರನ್ನು ನೆನೆಯುತ್ತ ಕೆಲವರನ್ನು ಬಿಟ್ಟಿರುತ್ತದೆ. ನಾಲ್ಕನೆಯದಾಗಿ, ಎದುರು ಪಕ್ಷದವರು ಇದೇ ಘಟನೆಯನ್ನು ಹೇಗೆ ಹೇಳುತ್ತಾರೆ? ಮೊಯಿರಾಂಗನ್ನು ನೋಡಿದವನು ಇಂಫಾಲದ ರುದ್ರಭೂಮಿಯನ್ನೂ ಕೆಂಪುಗುಡ್ಡವನ್ನೂ ನೋಡದೆ ಮರಳಿದರೆ ಅವನ ಪಾಠವು ಅಪೂರ್ಣವಾಗುವುದು.

ಉಪಸಂಹಾರ

2023ರ ಮೇ ತಿಂಗಳಿನಲ್ಲಿ ಮಣಿಪುರದ ಕಣಿವೆಯ ಜನರಿಗೂ ಗುಡ್ಡಗಾಡಿನ ಜನರಿಗೂ ನಡುವೆ ಘೋರವಾದ ಕಲಹ ಹೊತ್ತಿಕೊಂಡಿತು. ನೂರಾರು ಮಂದಿ ಸತ್ತರು. ಸಾವಿರಾರು ಮನೆಗಳು ಸುಟ್ಟವು. 2024ರ ಸೆಪ್ಟೆಂಬರಿನಲ್ಲಿ ಮೊಯಿರಾಂಗಿನ ಮೇಲೆ ರಾಕೆಟ್ಟುಗಳು ಬಿದ್ದವು. ಅವುಗಳಲ್ಲಿ ಒಂದು ಬಿದ್ದುದು ಕೊಯಿರೆಂಗ್ ಸಿಂಗ್ ಅವರ ಮನೆಯ ಆವರಣದಲ್ಲಿ. ವೃದ್ಧರೊಬ್ಬರು ಪ್ರಾಣ ಕಳೆದುಕೊಂಡರು. ಎಂಬತ್ತು ವರ್ಷಗಳ ಹಿಂದೆ ನಾನಾ ಮತಗಳ, ನಾನಾ ಭಾಷೆಗಳ ಯೋಧರನ್ನು ಬರಮಾಡಿಕೊಂಡಿದ್ದ ಊರಿಗೆ ಈ ದುರ್ದೆಶೆ ಒದಗಿತು.

ಸ್ಮಾರಕದ ಮೇಲಿನ ಮೂರು ಪದಗಳಲ್ಲಿ ತ್ಯಾಗವೆಂಬುದು ಕೊನೆಯದು, ಐಕ್ಯವೆಂಬುದು ಮೊದಲನೆಯದು. ಈ ಕ್ರಮವು ಆಕಸ್ಮಿಕವಾಗಿರಲಾರದು. ಬೇರೆಬೇರೆ ಜಾತಿಮತಗಳವರಿಗೆ ಬೇರೆಬೇರೆ ಅಡುಗೆಮನೆಗಳಿದ್ದ ಬ್ರಿಟಿಷ್ ಸೈನ್ಯದಿಂದ ಬಂದ ಸಿಪಾಯಿಗಳು ಆಜಾದ್ ಹಿಂದ್ ಸೇನೆಯಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಆ ಸೈನ್ಯವು ಇಂಫಾಲವನ್ನು ಗೆಲ್ಲಲಿಲ್ಲ. ದೆಹಲಿಯನ್ನು ತಲುಪಿದುದು ಕೈದಿಗಳ ರೂಪದಲ್ಲಿ. ಆದರೂ ಜೊತೆಯಾಗಿ ಉಣ್ಣಬಹುದು, ಜೊತೆಯಾಗಿ ಬಾಳಬಹುದು ಎಂಬುದನ್ನು ಅದು ಮೂರು ವರ್ಷಗಳ ಕಾಲ ನಡೆದು ತೋರಿಸಿತು. ಮೊಯಿರಾಂಗಿನ ಸಂಗ್ರಹಾಲಯವು ಮುಖ್ಯವಾಗಿ ಕಾಪಾಡುತ್ತಿರುವುದು ಈ ಸಾಕ್ಷ್ಯವನ್ನೇ. ಅದನ್ನು ಗಾಜಿನ ಪೆಟ್ಟಿಗೆಯಿಂದ ಹೊರತಂದು ನಿತ್ಯಜೀವನದಲ್ಲಿ ಆಚರಿಸುವ ಹೊಣೆಯು ಇಂದಿನ ವಿದ್ಯಾರ್ಥಿಗಳ ಮೇಲಿದೆ. ನಮ್ಮ ಊರುಗಳಲ್ಲಿಯೂ ಹಳೆಯ ಯೋಧರ ಮನೆಗಳಿವೆ. ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ಪದಕಗಳೂ ಪತ್ರಗಳೂ ಗೆದ್ದಲಿಗೆ ಆಹಾರವಾಗುತ್ತಿರಬಹುದು. ಅಂಥವನ್ನು ಕಂಡಲ್ಲಿ ಧೂಳನ್ನು ಒರಸಿ, ಯಾರದು, ಎಂದಿನದು, ಎಲ್ಲಿಂದ ಬಂದದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೋಪಾನವಾಗಿಡಿರಿ. ದೊಡ್ಡ ಸಂಗ್ರಹಾಲಯಗಳು ಆರಂಭವಾಗುವುದು ಅಂಥ ಚೀಟಿಗಳಿಂದಲೇ.